ಮಹಾನಗರಕ್ಕೆ ಹೊರಟು ನಿಂತಿರುವ ಮಕ್ಕಳಿಗೆ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ಯುವಜನರ ಸಭೆಯಲ್ಲಿ ನಮ್ಮ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಇಗರ್ಜಿಯ ಉತ್ಸವದಲ್ಲಿ ಊರು ಬಿಟ್ಟುಹೋಗುವ ಮಾತನ್ನು ಎತ್ತುವುದು ಉಚಿತವೇ ಎಂದು ಕೆಲವು ಹಿರಿಯರು ನನ್ನನ್ನು ಕೇಳಿದರು. ಉಚಿತವೆಂದೇ ನನ್ನ ಭಾವನೆ. ನಮ್ಮ ಧರ್ಮಕೇಂದ್ರದ ಚರಿತ್ರೆಯು ಇಲ್ಲಿ ಉಳಿದವರ ಚರಿತ್ರೆ ಮಾತ್ರವಲ್ಲ. ಗದ್ದೆಯ ಬೆಳೆ ಮನೆಯವರೆಲ್ಲರ ಹೊಟ್ಟೆಗೆ ಸಾಲದೆ ಹೋದಾಗ ಹಾಸಿಗೆ ಸುತ್ತಿಕೊಂಡು ಮುಂಬಯಿಯ ದಾರಿ ಹಿಡಿದವರ ಚರಿತ್ರೆಯೂ ಅದರಲ್ಲಿ ಬೆರೆತಿದೆ. ನಮ್ಮ ಗಂಟೆಗೋಪುರ ಎದ್ದುನಿಂತದ್ದು, ಶಾಲೆಗೆ ಹಂಚಿನ ಮಾಡು ಬಂದದ್ದು ಬಹುಪಾಲು ಅವರು ಕಳುಹಿಸಿದ ಮನಿಯಾರ್ಡರುಗಳಿಂದ. ಆದುದರಿಂದ ಹೊರಡುವವರನ್ನು ತಡೆಯಲು ನಾನು ಇಲ್ಲಿ ನಿಂತಿಲ್ಲ. ಹೋಗಿರಿ ಎಂದೇ ಹೇಳುತ್ತೇನೆ. ಆದರೆ ಹೇಗೆ ಹೋಗಬೇಕೆಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಇಂದು ನಮ್ಮ ಮಕ್ಕಳು ಬೆಂಗಳೂರಿಗೆ, ಪುಣೆಗೆ, ಕೊಲ್ಲಿ ದೇಶಗಳಿಗೆ ಹೋಗುತ್ತಿದ್ದಾರೆ. ಆದರೂ ಮುಂಬಯಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಕರಾವಳಿಯ ನಮ್ಮ ಜನರು ನೂರಕ್ಕೂ ಹೆಚ್ಚು ವರ್ಷಗಳಿಂದ ಆ ನಗರವನ್ನು ಬಲ್ಲರು. ಅದರ ಉಪನಗರವೊಂದರಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿದ ನಾನೂ ಅದನ್ನು ಹತ್ತಿರದಿಂದ ಕಂಡಿದ್ದೇನೆ. 2011ರ ಜನಗಣತಿಯಂತೆ ಬೃಹನ್ಮುಂಬಯಿಯ ಜನಸಂಖ್ಯೆ 1 ಕೋಟಿ 24 ಲಕ್ಷ. ಅಷ್ಟು ಜನರ ನಡುವೆ ಮನುಷ್ಯನು ಒಂಟಿಯಾಗುವುದು ಬಹಳ ಸುಲಭ. ಮಹಾನಗರವು ದುಬಾರಿಯೆಂದು ಎಲ್ಲರೂ ಹೇಳುತ್ತಾರೆ. ಅದು ಒಂಟಿಯಾಗಿ ಹೋದವನಿಗೆ ಇಮ್ಮಡಿ ದುಬಾರಿ ಎಂಬುದೇ ಇಂದು ನಾನು ಹೇಳಬೇಕೆಂದಿರುವ ಮಾತು.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಗೋವೆಯ ಕ್ರೈಸ್ತರು ಧೋಬಿ ತಲಾವ್ ಪ್ರದೇಶದಲ್ಲಿ ತಮ್ಮ ತಮ್ಮ ಊರುಗಳ ಹೆಸರಿನಲ್ಲಿ ಕೂಡುಗಳನ್ನು ನಡೆಸಿದರು. ಹಡಗಿನ ಕೆಲಸಕ್ಕೆ ಬಂದವನು ಅಲ್ಪ ಬಾಡಿಗೆ ಕೊಟ್ಟು ಅಲ್ಲಿ ತನ್ನ ಪೆಟ್ಟಿಗೆಯನ್ನಿರಿಸಿ, ಚಾಪೆ ಹಾಸಿ ಮಲಗುತ್ತಿದ್ದನು. ಸಂಜೆಯಾದರೆ ಎಲ್ಲರೂ ಕೂಡಿ ಜಪಸರ ಮಾಡುತ್ತಿದ್ದರು. ನಮ್ಮ ಕಡಲತೀರದ ಮೊಗವೀರ ಬಂಧುಗಳು 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು. ಹಗಲೆಲ್ಲ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಯನ್ನು ತೆರೆದರು. ಮಂಗಳೂರಿನ ಕಥೋಲಿಕರು 1916ರಲ್ಲಿ ಸಹಕಾರಿ ಸಾಲ ಸಂಘವೊಂದನ್ನು ಸ್ಥಾಪಿಸಿದರು. ಅದೇ ಬೆಳೆದು ಇಂದು ಬ್ಯಾಂಕಾಗಿದೆ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿಕೊಂಡಿತು. ಜಾತಿ, ಮತ ಬೇರೆಯಾದರೂ ಇವೆಲ್ಲವುಗಳ ಹಿಂದಿದ್ದ ತಿಳಿವಳಿಕೆ ಒಂದೇ: ಒಬ್ಬನಿಂದ ಆಗದ ಖರ್ಚು ಹತ್ತು ಜನ ಕೂಡಿದರೆ ಆಗುತ್ತದೆ, ಮೊದಲು ಹೋದವನು ಅನಂತರ ಬರುವವನಿಗೆ ಜಾಗ ಮಾಡಿಕೊಡಬೇಕು.

ಆ ಕಾಲವನ್ನು ನಾನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಇಕ್ಕಟ್ಟಾದ ಕೋಣೆಗಳಲ್ಲಿ ಸರದಿಯ ಮೇಲೆ ನಿದ್ದೆ ಮಾಡಿದವರಿದ್ದಾರೆ. ಹೆಣ್ಣುಮಕ್ಕಳಿಗೆ ಆ ಕೂಡುಗಳಲ್ಲಿ ಸ್ಥಳವೇ ಇರಲಿಲ್ಲ. ಇಂದು ನನ್ನ ಮುಂದೆ ಕುಳಿತಿರುವವರಲ್ಲಿ ಹುಡುಗಿಯರ ಸಂಖ್ಯೆ ಹುಡುಗರದಕ್ಕಿಂತ ಕಡಿಮೆಯಿಲ್ಲ. ಅಂದು ಪ್ರಯಾಣವೇ ಒಂದು ಕಷ್ಟವಾಗಿತ್ತು. 1998ರ ಜನವರಿ 26ರಂದು ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಮೇಲೆ ಸಂಜೆಯೊಳಗೆ ಹೊರಟವರು ಮರುದಿನ ಬೆಳಗಿಗೆ ಮುಂಬಯಿಯಲ್ಲಿರುತ್ತಾರೆ. ಕೆಲಸದ ಆಜ್ಞೆ ಕೈಯಲ್ಲಿರುವ ಫೋನಿಗೇ ಬರುತ್ತದೆ. ದಾರಿ ಸುಲಭವಾಗಿದೆ. ಆದರೆ ನಿಲ್ದಾಣದಲ್ಲಿ ಇಳಿದಾಗ ಕೈಹಿಡಿದು ಕರೆದೊಯ್ಯುತ್ತಿದ್ದ ಊರಿನವರು ಈಗ ಅಲ್ಲಿ ಕಾದು ನಿಂತಿರುವುದಿಲ್ಲ.

ಈಗ ಲೆಕ್ಕದ ಮಾತಿಗೆ ಬರೋಣ. ಗುರುಗಳು ಹಣದ ವಿಚಾರ ಮಾತಾಡುತ್ತಾರಲ್ಲಾ ಎಂದು ನಗಬೇಡಿರಿ. ಕೆಲಸದ ಪತ್ರದಲ್ಲಿ ಸಿ.ಟಿ.ಸಿ. ಎಂದು ಒಂದು ದೊಡ್ಡ ಮೊತ್ತ ಇರುತ್ತದೆ. ಅದು ನಿಮ್ಮ ಕೈಗೆ ಬರುವ ಸಂಬಳವಲ್ಲ. ಸಂಸ್ಥೆಯವರು ಕಟ್ಟುವ ಭವಿಷ್ಯನಿಧಿಯ ಪಾಲು, ಗ್ರಾಚ್ಯುಯಿಟಿ ಮುಂತಾದವುಗಳನ್ನು ಸಾಮಾನ್ಯವಾಗಿ ಅದರಲ್ಲಿ ಸೇರಿಸಿರುತ್ತಾರೆ. ಉಳಿದುದರಲ್ಲಿಯೂ ಭವಿಷ್ಯನಿಧಿಗೆ ನಿಮ್ಮ ಪಾಲು ಹೋಗುತ್ತದೆ, ವೃತ್ತಿ ತೆರಿಗೆ ಹೋಗುತ್ತದೆ. ಆದುದರಿಂದ ಪತ್ರಕ್ಕೆ ಸಹಿ ಹಾಕುವ ಮೊದಲು, ತಿಂಗಳ ಕೊನೆಗೆ ಕೈಗೆ ಎಷ್ಟು ಸಿಗುತ್ತದೆ ಎಂದು ಸಂಕೋಚವಿಲ್ಲದೆ ಕೇಳಿರಿ. ಕೆಲಸ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರನ್ನು ದೂರವಿಡಿರಿ.

ಇನ್ನು ಮನೆಯ ಬಾಡಿಗೆ. ಲೆಕ್ಕಕ್ಕಾಗಿ ಒಂದು ಸಣ್ಣ ಮನೆಯ ಬಾಡಿಗೆ ತಿಂಗಳಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂರು ತಿಂಗಳ ಬಾಡಿಗೆಯಷ್ಟು ಠೇವಣಿ ಕೇಳಿದರೆ 90,000; ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ 30,000; ಮೊದಲ ತಿಂಗಳ ಬಾಡಿಗೆ 30,000. ಮೊದಲ ಸಂಬಳ ಬರುವ ಮುನ್ನವೇ 1,50,000 ರೂಪಾಯಿ ಬೇಕಾಯಿತು. ಆಗ ತಾನೇ ಕಾಲೇಜು ಬಿಟ್ಟ ಒಬ್ಬನಿಗೆ ಇದು ಬೆಟ್ಟದಷ್ಟು ಭಾರ. ಮೂವರು ಕೂಡಿದರೆ ಒಬ್ಬೊಬ್ಬರಿಗೆ 50,000. ಆಮೇಲೆ ತಿಂಗಳಿಗೆ 10,000. ಸಹವಾಸವೆಂಬುದು ಇಲ್ಲಿ ಬರಿಯ ಸದ್ಗುಣವಾಗಿ ಉಳಿಯದೆ ಬದುಕಿನ ಅಗತ್ಯವಾಗುತ್ತದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಇಂತಹ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ನೋಂದಣಿ ಮಾಡಿಸುವ ಹೊಣೆ ಮನೆಯ ಒಡೆಯರದು. ಬಾಯಿಮಾತನ್ನು ನಂಬಿ ಠೇವಣಿ ಕೊಡಬೇಡಿರಿ.

ಬಾಡಿಗೆ ಕಡಿಮೆಯೆಂದು ಬಹುದೂರ ಹೋದರೆ ಉಳಿದ ಹಣವನ್ನು ಕಾಲದ ರೂಪದಲ್ಲಿ ತೆರಬೇಕಾಗುತ್ತದೆ. ವಿರಾರ್‌ನಿಂದ ಚರ್ಚ್‌ಗೇಟಿಗೆ ಸುಮಾರು 60 ಕಿಲೋಮೀಟರು. ದಿನಕ್ಕೆರಡು ಸಲ ಆ ನೂಕುನುಗ್ಗಲಿನಲ್ಲಿ ನಿಂತು ಬಂದವನಿಗೆ ಊಟ ಬೇಯಿಸುವ ಶಕ್ತಿಯೂ ಉಳಿಯುವುದಿಲ್ಲ. ಕಚೇರಿ ಪಶ್ಚಿಮ ಮಾರ್ಗದಲ್ಲಿದೆಯೋ, ಮಧ್ಯ ಮಾರ್ಗದಲ್ಲಿದೆಯೋ, ಹಾರ್ಬರ್ ಮಾರ್ಗದಲ್ಲಿದೆಯೋ ಎಂದು ಮೊದಲು ತಿಳಿದುಕೊಂಡು ಅದೇ ಮಾರ್ಗದಲ್ಲಿ ಮನೆ ಹುಡುಕಿರಿ. ಲೋಕಲ್ ಗಾಡಿಯ ಬಾಗಿಲಿಗೆ ಜೋತುಬೀಳಬೇಡಿರಿ, ಹಳಿ ದಾಟಬೇಡಿರಿ. ಹತ್ತು ನಿಮಿಷ ತಡವಾದರೆ ಸಂಬಳ ಹೋದೀತು, ಪ್ರಾಣ ಹೋಗದು. ಹೆಣ್ಣುಮಕ್ಕಳನ್ನು ಕಳುಹಿಸುವ ತಾಯಿತಂದೆಯರು ಗಂಟೆಗೊಮ್ಮೆ ಫೋನು ಮಾಡುವುದಕ್ಕಿಂತ, ನಿಲ್ದಾಣಕ್ಕೆ ಹತ್ತಿರವಾದ ಮನೆಯನ್ನೋ, ಧರ್ಮಭಗಿನಿಯರು ನಡೆಸುವ ವಸತಿಗೃಹವನ್ನೋ ನೋಡಿಕೊಳ್ಳಲು ನೆರವಾದರೆ ಹೆಚ್ಚು ಪ್ರಯೋಜನ.

ಆ ನಗರದಲ್ಲಿ ಒಂದೇ ಕಟ್ಟಡದೊಳಗೆ ಮರಾಠಿ, ಗುಜರಾತಿ, ಹಿಂದಿ, ಉರ್ದು, ತಮಿಳು, ತುಳು, ಕೊಂಕಣಿ ಎಲ್ಲವೂ ಕೇಳಿಬರುತ್ತವೆ. ಮರಾಠಿಯನ್ನು ಕಲಿಯಿರಿ. ಅನ್ನ ಕೊಡುವ ನೆಲದ ಭಾಷೆಗೆ ಗೌರವ ಕೊಡುವುದು ಸೌಜನ್ಯ, ಉಪಯೋಗವೂ ಹೌದು. ಅಲ್ಲಿನ ಬಸ್ಸುಗಳ ನಂಬರನ್ನು ದೇವನಾಗರಿ ಅಂಕೆಗಳಲ್ಲಿ ಓದಲು ಬಾರದೆ ಹೊಸಬರು ಎಷ್ಟೋ ಬಸ್ಸುಗಳನ್ನು ಬಿಟ್ಟುಕೊಂಡಿದ್ದಾರೆ. ಜೊತೆಯಲ್ಲಿ ವಾಸಿಸುವವನು ಸಸ್ಯಾಹಾರಿಯಾಗಿದ್ದರೆ ಒಣಮೀನು ಸುಡುವ ಮುನ್ನ ಅವನನ್ನು ಒಂದು ಮಾತು ಕೇಳಿರಿ.

ಆದರೆ ಕಹಿಯಾದ ಅನುಭವಗಳೂ ಬರುತ್ತವೆ. ನಿಮ್ಮ ಹೆಸರನ್ನು ಕೇಳಿ, ಆಹಾರವನ್ನು ಕೇಳಿ, ಮದುವೆಯಾಗಿಲ್ಲವೆಂದು ತಿಳಿದು, ಮನೆ ಖಾಲಿಯಿಲ್ಲ ಎನ್ನುವವರು ಸಿಕ್ಕೇ ಸಿಗುತ್ತಾರೆ. ಆ ನೋವು ಸಣ್ಣದಲ್ಲ. ಅದನ್ನು ನುಂಗುವಾಗ ಇನ್ನೊಂದನ್ನು ನೆನೆಯಿರಿ. ನಮ್ಮ ಊರಿನಲ್ಲಿ ಮನೆ ಕಟ್ಟಲು, ದೋಣಿಗಳಲ್ಲಿ ದುಡಿಯಲು ಉತ್ತರ ಕರ್ನಾಟಕದಿಂದ, ಒಡಿಶಾದಿಂದ, ಜಾರ್ಖಂಡದಿಂದ ಬಂದವರಿದ್ದಾರೆ. ಅವರು ಬಾಡಿಗೆಗೆ ಕೋಣೆ ಕೇಳಿದಾಗ ನಾವು ಏನು ಉತ್ತರ ಕೊಟ್ಟಿದ್ದೇವೆ? ಮಗನಿಗೆ ಮುಂಬಯಿಯಲ್ಲಿ ಯಾರೋ ಬಾಗಿಲು ತೆರೆಯಲೆಂದು ಪ್ರಾರ್ಥಿಸುವ ಮನೆಯವರು ತಮ್ಮ ಬಾಗಿಲನ್ನೂ ಒಮ್ಮೆ ನೋಡಿಕೊಳ್ಳಬೇಕು.

ಪ್ರೇಷಿತ ಪೌಲನು ಕೊರಿಂಥಕ್ಕೆ ಬಂದಾಗ ಅದು ದೊಡ್ಡ ವ್ಯಾಪಾರದ ಪಟ್ಟಣ. ನಾನಾ ದೇಶದ ಜನ ಅಲ್ಲಿ ತುಂಬಿದ್ದರು. ರೋಮಿನಿಂದ ಹೊರದೂಡಲ್ಪಟ್ಟು ಬಂದಿದ್ದ ಅಕ್ವಿಲ ಮತ್ತು ಪ್ರಿಸಿಲ್ಲ ಎಂಬ ದಂಪತಿಗಳು ಅವನನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡರು. ಅವರೂ ಗುಡಾರ ಮಾಡುವವರು, ಅವನ ಕಸುಬೂ ಅದೇ. ಮೂವರೂ ಕೂಡಿ ದುಡಿದರು. ಅಂತಹ ಮಹಾತ್ಮನೂ ಹೊಸ ಪಟ್ಟಣದಲ್ಲಿ ಒಂಟಿಯಾಗಿ ನಿಲ್ಲಲು ಯತ್ನಿಸಲಿಲ್ಲ. ಅವನು ರೋಮಿನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ತೆರೆದು ನೋಡಿರಿ. ಹೊರಟು ಬರುತ್ತಿರುವ ಫೀಬೆಯೆಂಬ ಸಹೋದರಿಯನ್ನು ಆದರಿಸಬೇಕೆಂದು ಕೇಳಿಕೊಂಡ ಮೇಲೆ, ಸಾಲುಸಾಲಾಗಿ ಪರಿಚಿತರ ಹೆಸರುಗಳೇ ಇವೆ.

ಮುಂಬಯಿಯಲ್ಲಿ ನಾನು ಕಂಡ ಒಬ್ಬ ತರುಣನ ಸಂಗತಿ ಹೇಳುತ್ತೇನೆ. ಅವನು ನಮ್ಮ ಕರಾವಳಿಯ ಹುಡುಗ, ವಾಣಿಜ್ಯ ಪದವೀಧರ. ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಪ್ರತಿದಿನವೂ ಎಂಟು ಗಂಟೆಗೆ ಬುತ್ತಿ ಹಿಡಿದು ಕೋಣೆಯಿಂದ ಹೊರಡುತ್ತಿದ್ದನು. ನಿಲ್ದಾಣದ ಬೆಂಚಿನ ಮೇಲೆ ಕುಳಿತು ಸಂಜೆ ಹಿಂತಿರುಗುತ್ತಿದ್ದನು. ಸಾಲ ಮಾಡಿ ಊರಿಗೆ ಹಣ ಕಳುಹಿಸುತ್ತಿದ್ದನು. ನಿಜ ಹೊರಬಿದ್ದಾಗ, ಅವನ ಜೊತೆಯಲ್ಲಿದ್ದ ಇಬ್ಬರು, ಒಬ್ಬ ಕೇರಳದವನು, ಇನ್ನೊಬ್ಬ ಸಾತಾರೆಯವನು, ಮೂರು ತಿಂಗಳು ಅವನ ಪಾಲಿನ ಬಾಡಿಗೆಯನ್ನು ತಾವೇ ಕಟ್ಟಿದರು. ನಮಗೆ ಮೊದಲೇ ಯಾಕೆ ಹೇಳಲಿಲ್ಲ ಎಂದಷ್ಟೇ ಗದರಿದರು. ಆಮೇಲೆ ಅವನಿಗೆ ಬೇರೆ ಕೆಲಸ ಸಿಕ್ಕಿತು, ಸಾಲವೂ ತೀರಿತು. ಅವನನ್ನು ಆ ಬೆಂಚಿನ ಮೇಲೆ ಕೂರಿಸಿದ್ದು ಬಡತನಕ್ಕಿಂತ ಹೆಚ್ಚಾಗಿ ನಾಚಿಕೆ. ಮಕ್ಕಳೇ, ಕೆಲಸ ಹೋಗುವುದು ಪಾಪವಲ್ಲ. 1982ರ ಗಿರಣಿ ಮುಷ್ಕರದಲ್ಲಿ ಲಕ್ಷಾಂತರ ಕಾರ್ಮಿಕರು ಕೆಲಸವಿಲ್ಲದೆ ಕುಳಿತ ನಗರವದು. 2020ರ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಮುಚ್ಚಿದಾಗ ರೈಲುಗಳೂ ನಿಂತುಹೋಗಿ, ಹೊಸಬರು ಬಾಡಿಗೆ ಕೋಣೆಗಳಲ್ಲಿ ಸಿಕ್ಕಿಬಿದ್ದರು. ಆದುದರಿಂದ ಮೊದಲ ವರ್ಷದಲ್ಲೇ ಮೂರು ತಿಂಗಳ ಖರ್ಚನ್ನು ಬೇರೆ ತೆಗೆದಿಡಿರಿ. ಮನೆಯವರಿಗೆ ನಿಜ ಹೇಳಿರಿ. ತಾಯಿತಂದೆಯರೇ, ನಿಜ ಹೇಳಲು ಧೈರ್ಯ ಬರುವಂತೆ ನೀವೂ ನಡೆದುಕೊಳ್ಳಿರಿ. ನೆರೆಮನೆಯ ಮಗ ಎಷ್ಟು ಕಳುಹಿಸಿದನೆಂದು ನಿಮ್ಮ ಮಗನಿಗೆ ಹೇಳಬೇಡಿರಿ. ಶಕ್ತಿಯಿದ್ದವರು ಮೊದಲ ಆರು ತಿಂಗಳು ಹಣವನ್ನು ನಿರೀಕ್ಷಿಸಬೇಡಿರಿ.

ಆ ನಗರಕ್ಕೆ ಹೃದಯವಿಲ್ಲ ಎನ್ನುವ ಮಾತನ್ನು ಮಾತ್ರ ನಾನು ಒಪ್ಪಲಾರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿಯಿತು. ಕತ್ತಿನವರೆಗಿನ ನೀರಿನಲ್ಲಿ ಸಿಲುಕಿದ ಅಪರಿಚಿತರಿಗೆ ಜನರು ಹಗ್ಗ ಎಸೆದರು, ಚಹಾ ಕೊಟ್ಟರು, ರಾತ್ರಿ ಮಲಗಲು ಮನೆಯೊಳಗೆ ಕರೆದರು. ಯಾರೂ ಅಂದು ಭಾಷೆಯನ್ನೂ ಮತವನ್ನೂ ಕೇಳಲಿಲ್ಲ. ಆದರೆ ಪ್ರವಾಹ ಬರುವವರೆಗೆ ಕಾಯದೆ, ಮೊದಲ ವಾರದಲ್ಲೇ ಪಕ್ಕದ ಮನೆಯವರ ಹೆಸರನ್ನು ಕೇಳಿ ತಿಳಿದುಕೊಳ್ಳಿರಿ. ಇಲ್ಲಿಂದ ಪರಿಚಯಪತ್ರವನ್ನು ಒಯ್ದು ಅಲ್ಲಿನ ಧರ್ಮಕೇಂದ್ರದಲ್ಲಿ ಹೆಸರು ಬರೆಸಿರಿ. ಮುಂಬಯಿಯ ಹಲವು ಇಗರ್ಜಿಗಳಲ್ಲಿ ಕೊಂಕಣಿ ಪೂಜೆಯೂ ಉಂಟು.

ಕೊನೆಯದಾಗಿ, ಉಪದೇಶದಿಂದ ಠೇವಣಿ ಕಟ್ಟಲಾಗುವುದಿಲ್ಲವೆಂದು ನಾನು ಬಲ್ಲೆ. ಆದುದರಿಂದ ಪಾಲನಾ ಮಂಡಳಿಯ ಮುಂದೆ ಎರಡು ಸೂಚನೆಗಳನ್ನು ಇಡುತ್ತೇನೆ. ಮೊದಲನೆಯದು ಒಂದು ಪುಸ್ತಕ. ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ಪುಣೆಯಲ್ಲಿ ಇರುವ ನಮ್ಮವರಲ್ಲಿ ಯಾರು ಹೊಸಬರಿಗೆ ಮೊದಲ ಹದಿನೈದು ದಿನ ಮಲಗಲು ಸ್ಥಳ ಕೊಡಬಲ್ಲರೋ ಅವರು ಅದರಲ್ಲಿ ತಾವಾಗಿಯೇ ಹೆಸರು ಬರೆಸಬೇಕು. ಎರಡನೆಯದು ಒಂದು ನಿಧಿ. ಶತಮಾನೋತ್ಸವದ ಲೆಕ್ಕದಲ್ಲಿ ಉಳಿಯುವ ಹಣವನ್ನು ಮತ್ತೊಂದು ಕಮಾನಿಗೆ ಖರ್ಚು ಮಾಡದೆ, ಹೊರಡುವ ಮಕ್ಕಳಿಗೆ ಠೇವಣಿಗಾಗಿ ಬಡ್ಡಿಯಿಲ್ಲದ ಸಾಲವಾಗಿ ಕೊಡೋಣ. ಹತ್ತು ತಿಂಗಳಲ್ಲಿ ಅವರು ಹಿಂತಿರುಗಿಸಲಿ. ಅದೇ ಹಣ ಮರುವರ್ಷದವರಿಗೆ ಸಿಗಲಿ. ನಮ್ಮ ಹಿರಿಯರು ಕೂಡಿಸಿದ ಕಾಸಿನಿಂದ ಗಂಟೆಗೋಪುರ ಎದ್ದಿತು. ನಾವು ಕೂಡಿಸುವ ಕಾಸಿನಿಂದ ಒಂದಿಷ್ಟು ಮಕ್ಕಳು ನಾಚಿಕೆಯಿಲ್ಲದೆ ಬದುಕು ಆರಂಭಿಸಲಿ.

ಸೆಪ್ಟೆಂಬರ್ 8ರಂದು ಇಲ್ಲಿ ನಾವು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಯ್ಯುವಾಗ, ಬಾಂದ್ರಾದ ಗುಡ್ಡದ ಮೇಲೂ ಅದೇ ಮಾತೆಯ ಹಬ್ಬದ ದಿನಗಳು ಬಂದಿರುತ್ತವೆ. ಊಟಕ್ಕೆ ಬಾರದವರ ಹೆಸರಿನಲ್ಲಿ ಒಂದು ಎಲೆ ಹೆಚ್ಚು ಹಾಕುವುದು ಕೆಲವು ಮನೆಗಳ ರೂಢಿ. ಆ ಎಲೆ ನಿಮ್ಮದೆಂದು ತಿಳಿಯಿರಿ. ಪುಸ್ತಕವು ನಾಳೆ ಬೆಳಗಿನ ಪೂಜೆಯ ನಂತರ ಕಚೇರಿಯ ಮೇಜಿನ ಮೇಲಿರುತ್ತದೆ. ಹೊರಡುವವರೂ, ಸ್ಥಳ ಕೊಡಬಲ್ಲವರ ಬಂಧುಗಳೂ ಬಂದು ಬರೆಸಿರಿ. ದೇವರು ನಿಮ್ಮೆಲ್ಲರನ್ನೂ ಹರಸಲಿ.