ಬಾಟಲಿಯ ಮೇಲಿನ ಬ್ಯಾಚ್ ಸಂಖ್ಯೆ



ಆಸ್ಪತ್ರೆಗಳಲ್ಲಿ ಕೃತಕ ಬುದ್ಧಿಮತ್ತೆಯ ಕುರಿತು ಮಾತಾಡಿ ಎಂದು ಸಂಘಟಕರು ಹೇಳಿದಾಗ ವಿಷಯವನ್ನು ಎರಡಕ್ಕೆ ಇಳಿಸಿಕೊಂಡೆ. ಒಂದು, ಒಳರೋಗಿಗಳಿಗೆ ಸೋಂಕು ತಗಲದಂತೆ ನೋಡಿಕೊಳ್ಳುವುದು. ಇನ್ನೊಂದು, ಔಷಧಗಳ ನಿಯಂತ್ರಣ. ನಮ್ಮಲ್ಲಿ ಮೊದಲನೆಯದು ಆಸ್ಪತ್ರೆಯ ಸಮಿತಿಯ ಪಾಲು, ಎರಡನೆಯದು ಡ್ರಗ್ಸ್ ಕಂಟ್ರೋಲರ್ ಕಚೇರಿಯ ಪಾಲು. ಆ ಸಮಿತಿ ಈ ಕಚೇರಿಯ ಮುಖ ನೋಡುವುದು ಅಪರೂಪ. ಸೋಂಕು ಔಷಧದ ಬಾಟಲಿಯೊಳಗೇ ಕೂತು ಬಂದರೆ ಯಾರು ಹೊಣೆ?

ಅಂಥದ್ದೊಂದು ನಡೆದಿದೆ. 2022ರ ಮೇ ತಿಂಗಳಿಂದ ಅಮೆರಿಕದ ಬೇರೆ ಬೇರೆ ರಾಜ್ಯಗಳ ರೋಗಿಗಳಲ್ಲಿ ಒಂದು ಜಾತಿಯ ಸೂಡೊಮೊನಾಸ್ ಬ್ಯಾಕ್ಟೀರಿಯ ಕಾಣಿಸಿಕೊಂಡಿತು. ಬಹುತೇಕ ಯಾವ ಆಂಟಿಬಯಾಟಿಕ್ಕಿಗೂ ಬಗ್ಗದ, ಆ ದೇಶದಲ್ಲಿ ಅದುವರೆಗೆ ಯಾರೂ ನೋಡಿರದ ತಳಿ. ಒಬ್ಬರಿಗೆ ಕಣ್ಣಲ್ಲಿ, ಇನ್ನೊಬ್ಬರಿಗೆ ಮೂತ್ರದಲ್ಲಿ, ಮತ್ತೊಬ್ಬರಿಗೆ ಶ್ವಾಸಕೋಶದಲ್ಲಿ. ಊರು ಬೇರೆ, ಆಸ್ಪತ್ರೆ ಬೇರೆ, ಕಾಯಿಲೆಯೂ ಬೇರೆ. ಬ್ಯಾಕ್ಟೀರಿಯದ ಜೀನೋಮ್ ಓದಿದಾಗ ಮಾತ್ರ ಎಲ್ಲವೂ ಒಂದೇ ಕುಲದವು ಎಂದು ತಿಳಿಯಿತು. ಮೂಲ ಹುಡುಕುತ್ತ ಹೋದವರು ಕಡೆಗೆ ತಲುಪಿದ್ದು ಚೆನ್ನೈ ಬಳಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಕಣ್ಣಿನ ಹನಿಗೆ, ಒಣಗಿದ ಕಣ್ಣಿಗೆ ಹಾಕಿಕೊಳ್ಳುವ ಕೃತಕ ಕಣ್ಣೀರಿಗೆ. 2023ರ ಫೆಬ್ರುವರಿಯಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂಪಡೆದರು. ಕೊನೆಯ ಲೆಕ್ಕದಲ್ಲಿ 18 ರಾಜ್ಯಗಳ 81 ರೋಗಿಗಳು. ನಾಲ್ವರು ಸತ್ತರು, 14 ಮಂದಿಗೆ ದೃಷ್ಟಿ ಹೋಯಿತು. ಪದೇ ಪದೇ ತೆರೆದು ಬಳಸುವ ಬಾಟಲಿಗೆ ಸಾಕಷ್ಟು ಸಂರಕ್ಷಕ ಹಾಕಿರಲಿಲ್ಲ, ಸೂಕ್ಷ್ಮಾಣು ಪರೀಕ್ಷೆಯೂ ಸರಿಯಿರಲಿಲ್ಲ ಎಂದು ಅಲ್ಲಿನ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಹೇಳಿತು.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಈ ತಳಿ ಇಬ್ಬರು ರೋಗಿಗಳಲ್ಲಿ ಸಿಕ್ಕಿತು. ಅದು ಅದೃಷ್ಟದ ಮಾತಲ್ಲ. ಅಲ್ಲಿ ಒಳರೋಗಿಗಳಿಂದ ಬಂದ ಬ್ಯಾಕ್ಟೀರಿಯಗಳ ಜೀನೋಮನ್ನು ನಿಯಮಿತವಾಗಿ ಓದುತ್ತಾರೆ. ಎರಡು ಮಾದರಿಗಳ ನಡುವೆ ಬೆರಳೆಣಿಕೆಯ ಅಕ್ಷರಗಳಷ್ಟೇ ವ್ಯತ್ಯಾಸವಿದ್ದರೆ ಅವಕ್ಕೆ ನಂಟಿದೆ ಎಂದರ್ಥ. ಆಮೇಲೆ ಕಂಪ್ಯೂಟರಿನ ಸರದಿ. ಆ ರೋಗಿಗಳೆಲ್ಲ ಯಾವ ವಾರ್ಡಿನಲ್ಲಿದ್ದರು, ಯಾವ ಎಂಡೊಸ್ಕೋಪ್ ಬಳಸಲಾಯಿತು, ಯಾವ ಚಿಕಿತ್ಸಾ ಕೊಠಡಿಗೆ ಹೋಗಿದ್ದರು ಎಂಬ ದಾಖಲೆಗಳನ್ನೆಲ್ಲ ಜಾಲಾಡಿ, ಸಾಮಾನ್ಯವಾದದ್ದನ್ನು ಹೆಕ್ಕಿ ಕೊಡುತ್ತದೆ. 2021ರ ನವೆಂಬರಿನಿಂದ ಎರಡು ವರ್ಷಗಳಲ್ಲಿ ಇದರಿಂದ 62 ಸೋಂಕು, ಐದು ಸಾವು ತಪ್ಪಿದವೆಂದು ಅವರ ಅಂದಾಜು. ಕೃತಕ ಬುದ್ಧಿಮತ್ತೆಯ ಕುರಿತ ಜಾಹೀರಾತುಗಳಿಗೆ ಹೋಲಿಸಿದರೆ ಸಣ್ಣ ಸಂಖ್ಯೆ. ಸಣ್ಣದಾದ್ದರಿಂದಲೇ ನನಗೆ ನಂಬಿಕೆ ಹುಟ್ಟುತ್ತದೆ.

ನಂಬಿಕೆ ಹುಟ್ಟದ ಉದಾಹರಣೆಯೂ ಇದೆ. ರಕ್ತಕ್ಕೆ ನಂಜೇರುವ ಸೆಪ್ಸಿಸ್ ಅನ್ನು ಮೊದಲೇ ಹೇಳುವ ಎಪಿಕ್ ಕಂಪನಿಯ ಸಾಫ್ಟ್‌ವೇರನ್ನು ಅಮೆರಿಕದ ನೂರಾರು ಆಸ್ಪತ್ರೆಗಳು ಬಳಸುತ್ತಿದ್ದವು. ಮಿಷಿಗನ್ ವಿಶ್ವವಿದ್ಯಾಲಯದ ತಜ್ಞರು ಅದನ್ನು ಸ್ವತಂತ್ರವಾಗಿ ಒರೆಗೆ ಹಚ್ಚಿ 2021ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ದಾಖಲಾದವರಲ್ಲಿ ಶೇ. 18ರಷ್ಟು ಮಂದಿಯ ಮೇಲೆ ಎಚ್ಚರಿಕೆಯ ಗಂಟೆ ಬಾರಿಸಿತು, ಆದರೂ ನಿಜವಾಗಿ ಸೆಪ್ಸಿಸ್ ಆದವರಲ್ಲಿ ಶೇ. 67ರಷ್ಟು ಮಂದಿಯನ್ನು ಗುರುತಿಸಲಿಲ್ಲ. ನೈಟ್ ಡ್ಯೂಟಿ ಮಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹತ್ತು ಸಲ ಸುಮ್ಮನೆ ಬಾರಿಸಿದ ಗಂಟೆಗೆ ಹನ್ನೊಂದನೆಯ ಸಲ ಯಾರೂ ಏಳುವುದಿಲ್ಲ.

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸುಚಿ ಸಾರಿಯಾ ಅವರ ತಂಡ ಕಟ್ಟಿದ ಇನ್ನೊಂದು ವ್ಯವಸ್ಥೆಯ ಫಲಿತಾಂಶ ಚೆನ್ನಾಗಿತ್ತು. 2022ರ ಆ ವರದಿಯನ್ನು ನಿಧಾನವಾಗಿ ಓದಬೇಕು. ಎಚ್ಚರಿಕೆ ಬಂದ ಮೂರು ಗಂಟೆಯೊಳಗೆ ವೈದ್ಯರೋ ನರ್ಸೋ ಅದನ್ನು ನೋಡಿ ಹೌದೆಂದು ದೃಢಪಡಿಸಿದ ರೋಗಿಗಳಲ್ಲಿ ಸಾವು ಕಡಿಮೆ. ದೃಢಪಡಿಸುವುದು ತಡವಾದವರಿಗೆ ಆ ಲಾಭ ಸಿಗಲಿಲ್ಲ.

ಈಗ ನಮ್ಮ ಕಡೆಗೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ, ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆ ಸೇರಿದ ನೂರು ರೋಗಿಗಳಲ್ಲಿ ಏಳು ಮಂದಿಗೆ ಆಸ್ಪತ್ರೆಯಿಂದಲೇ ಸೋಂಕು ತಗಲುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹದಿನೈದು ಮಂದಿಗೆ. ನಮ್ಮಲ್ಲಿ ಎಷ್ಟೋ ಕಡೆ ಕಲ್ಚರ್ ಕಳಿಸುವ ಮೊದಲೇ ಆಂಟಿಬಯಾಟಿಕ್ ಶುರುವಾಗಿರುತ್ತದೆ. ಕೇಸ್ ಶೀಟು ಕಾಗದದಲ್ಲಿ, ಲ್ಯಾಬ್ ವರದಿ ಇನ್ನೊಂದು ಕಾಗದದಲ್ಲಿ, ಎರಡೂ ಡಿಸ್ಚಾರ್ಜ್ ದಿನ ರೋಗಿಯ ಕಡೆಯವರ ಪ್ಲಾಸ್ಟಿಕ್ ಚೀಲದಲ್ಲಿ. ಇಂಥ ಕಡೆ ಪಿಟ್ಸ್‌ಬರ್ಗಿನ ಯಂತ್ರವನ್ನು ತಂದಿಟ್ಟರೆ ಅದು ಓದುವುದಾದರೂ ಏನನ್ನು?

ಬಳ್ಳಾರಿಯ ನೆನಪು ನಿಮಗೆಲ್ಲ ಇದೆ. 2024ರ ನವೆಂಬರಿನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಐದು ಮಂದಿ. ಅನುಮಾನ ಬಿದ್ದದ್ದು ಡ್ರಿಪ್‌ನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್) ದ್ರಾವಣದ ಮೇಲೆ. ಸರ್ಕಾರವೇ ಆಗ ಹೇಳಿದಂತೆ, ಅದನ್ನು ತಯಾರಿಸಿದ ಕಂಪನಿಯ ಕೆಲವು ಬ್ಯಾಚುಗಳು ರಾಜ್ಯದ ಪರೀಕ್ಷೆಯಲ್ಲಿ ಅದಕ್ಕೂ ಮೊದಲೇ ಅನುತ್ತೀರ್ಣವಾಗಿದ್ದವು. ಕೇಂದ್ರದ ಪ್ರಯೋಗಾಲಯ ಕೆಲವನ್ನು ಸರಿಯಿದೆ ಎಂದಿತ್ತು. ಸರಬರಾಜು ಮತ್ತೆ ನಡೆದಿತ್ತು. ಸಾವುಗಳ ನಂತರ ರಾಜ್ಯದ ಔಷಧ ನಿಯಂತ್ರಕರ ಅಮಾನತಾಯಿತು. ಈ ಪ್ರಕರಣವನ್ನು ಹಿಡಿದು ಕೃತಕ ಬುದ್ಧಿಮತ್ತೆ ಇದ್ದಿದ್ದರೆ ಎಂದು ಭಾಷಣ ಮಾಡುವವರನ್ನು ಕೇಳಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಎಚ್ಚರಿಕೆ ಕಾಗದದ ಮೇಲೆ ಬಂದೇ ಇತ್ತು. ಎರಡು ಪ್ರಯೋಗಾಲಯಗಳು ಎರಡು ಮಾತು ಹೇಳಿದಾಗ ಬಾಟಲಿ ಉಗ್ರಾಣದಲ್ಲೇ ಉಳಿಯಬೇಕೋ ವಾರ್ಡಿಗೆ ಹೋಗಬೇಕೋ ಎಂಬ ನಿಯಮ ಬೇಕಿತ್ತು. ಯಂತ್ರವಿದ್ದರೆ ಮೂರನೆಯ ಮಾತೊಂದು ಸೇರುತ್ತಿತ್ತು, ಅಷ್ಟೆ.

ಔಷಧ ನಿಯಂತ್ರಣದಲ್ಲಿ ಗಣಕಬುದ್ಧಿ ಹೊಸದೇನಲ್ಲ ಎಂಬುದನ್ನೂ ಹೇಳಬೇಕು. ಸ್ವೀಡನ್ನಿನ ಉಪ್ಸಾಲದಲ್ಲಿ ಜಗತ್ತಿನ ಔಷಧ ದುಷ್ಪರಿಣಾಮಗಳ ವರದಿಗಳನ್ನು ಒಟ್ಟುಹಾಕುವ ಕೇಂದ್ರವಿದೆ. ಒಂದು ಔಷಧ ಮತ್ತು ಒಂದು ತೊಂದರೆ ನಿರೀಕ್ಷೆಗಿಂತ ಹೆಚ್ಚು ಸಲ ಜೊತೆಯಾಗಿ ವರದಿಯಾಗುತ್ತಿವೆಯೇ ಎಂದು ನೋಡುವ ನ್ಯೂರಲ್ ನೆಟ್‌ವರ್ಕ್ ವಿಧಾನವನ್ನು ಅಲ್ಲಿನವರು 1998ರಲ್ಲೇ ಪ್ರಕಟಿಸಿದರು. ಎಫ್‌ಡಿಎ 2025ರ ಜೂನಿನಲ್ಲಿ ತನ್ನ ಸಿಬ್ಬಂದಿಗೆ ಎಲ್ಸಾ ಎಂಬ, ಓದಿ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನ ಕೊಟ್ಟಿತು. ಇಲ್ಲದ ಅಧ್ಯಯನಗಳನ್ನು ಅದು ಸೃಷ್ಟಿಸಿ ಹೇಳುತ್ತದೆಂದು ಸಿಬ್ಬಂದಿಯೇ ದೂರಿದ ಸುದ್ದಿ ಮರುತಿಂಗಳು ಬಂತು. ಇವೆರಡರಲ್ಲಿ ನನ್ನ ಒಲವು ಹಳೆಯದರ ಕಡೆಗೆ. ಅದು ಎಣಿಸುತ್ತದೆ, ಕಥೆ ಕಟ್ಟುವುದಿಲ್ಲ.

ಎಣಿಸಲು ಮಾತ್ರ ವರದಿ ಬೇಕು. ನಮ್ಮ ಔಷಧ ನಿಗಾ ಕಾರ್ಯಕ್ರಮ 2010ರಲ್ಲಿ ಶುರುವಾಯಿತು, ಅದರ ಕೇಂದ್ರ ಗಾಜಿಯಾಬಾದಿನಲ್ಲಿದೆ. ಅದರ ನಮೂನೆಯಲ್ಲಿ ಬ್ಯಾಚ್ ಸಂಖ್ಯೆಗೊಂದು ಅಂಕಣವಿದೆ. ನಾನು ನೋಡಿದ ಎಷ್ಟೋ ನಮೂನೆಗಳಲ್ಲಿ ಅದು ಖಾಲಿ. ವಾರ್ಡಿನ ಚಾರ್ಟಿನಲ್ಲಿ 'ಆರ್‌ಎಲ್ 500 ಎಂಎಲ್' ಎಂದಷ್ಟೇ ಇರುವಾಗ ಅಂಕಣ ತುಂಬುವವರು ಎಲ್ಲಿಂದ ತುಂಬಬೇಕು? ಬಾಟಲಿ ಆ ಹೊತ್ತಿಗೆ ಕಸದ ಬುಟ್ಟಿ ಸೇರಿರುತ್ತದೆ. ರಕ್ತದ ಚೀಲ ಏರಿಸುವಾಗ ಅದರ ಸಂಖ್ಯೆ ಬರೆಯದೆ ನಾವು ಮುಂದುವರಿಯುವುದಿಲ್ಲ. ಉಪ್ಪುನೀರಿನ ಬಾಟಲಿಗೆ ಆ ಮರ್ಯಾದೆ ಇಲ್ಲ. ದೇಶದ 300 ಪ್ರಮುಖ ಔಷಧ ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ 2023ರ ಆಗಸ್ಟಿನಿಂದ ಕಡ್ಡಾಯವಾಗಿದೆ, ಬ್ಯಾಚ್ ಸಂಖ್ಯೆ ಅದರೊಳಗಿದೆ. ಡ್ರಿಪ್ ಬಾಟಲಿಗಳಿಗೆಲ್ಲ ಅದನ್ನು ವಿಸ್ತರಿಸಿ, ಹಾಕುವ ಮುನ್ನ ಮೊಬೈಲಿನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿದರೆ ಯಾವ ಬ್ಯಾಚು ಯಾವ ಹಾಸಿಗೆಗೆ ಹೋಯಿತೆಂದು ದಾಖಲಾಗುತ್ತದೆ. ಒಂದೇ ವಾರ ಮೂರು ಜಿಲ್ಲೆಗಳಲ್ಲಿ ಒಂದೇ ಬ್ಯಾಚಿನ ನಂತರ ಚಳಿಜ್ವರ ಬಂದರೆ ಅದನ್ನು ಜೋಡಿಸಿ ತೋರಿಸುವುದು ಯಂತ್ರಕ್ಕೆ ನೀರು ಕುಡಿದಷ್ಟು ಸುಲಭ. ಮೂರು ಊರಿನ ಮೂವರು ಸಿಸ್ಟರುಗಳಿಗೆ ಅದು ಎಂದಿಗೂ ಕಾಣುವುದಿಲ್ಲ.

ಕಂಡ ಮೇಲೆ ನಿಲ್ಲಿಸುವವರು ಯಾರು? ಮಿಷಿಗನ್ನಿನ ತೀವ್ರ ನಿಗಾ ಘಟಕಗಳಲ್ಲಿ ವೈದ್ಯ ಪೀಟರ್ ಪ್ರೊನೊವೊಸ್ಟ್ ನಡೆಸಿದ ಕೆಲಸ 2006ರಲ್ಲಿ ಪ್ರಕಟವಾಯಿತು. ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್ ಹಚ್ಚುವುದು, ಮೈಪೂರ್ತಿ ಹೊದಿಕೆ, ತೊಡೆಸಂದಿಯ ನಾಳವನ್ನು ಬಿಡುವುದು, ಬೇಡದ ನಳಿಕೆಯನ್ನು ತೆಗೆದುಬಿಡುವುದು. ಸೋಂಕಿನಲ್ಲಿ ಶೇ. 66ರವರೆಗೆ ಇಳಿಕೆಯಾಯಿತು. ಕಂಪ್ಯೂಟರಿನ ಜಾಣತನ ಅದರಲ್ಲಿ ಏನೂ ಇರಲಿಲ್ಲ. ವೈದ್ಯರು ಒಂದು ಹೆಜ್ಜೆ ಬಿಟ್ಟರೆ ಅವರನ್ನು ತಡೆಯುವ ಅಧಿಕಾರವನ್ನು ನರ್ಸುಗಳಿಗೆ ಕೊಟ್ಟಿದ್ದರು.

ನಮ್ಮ ಔಷಧ ಮತ್ತು ಪ್ರಸಾಧನ ಕಾಯ್ದೆಯ 22ನೇ ಸೆಕ್ಷನ್ನಿನಂತೆ ಡ್ರಗ್ಸ್ ಇನ್‌ಸ್ಪೆಕ್ಟರ್ ಒಂದು ದಾಸ್ತಾನನ್ನು ಇಪ್ಪತ್ತು ದಿನದವರೆಗೆ ತಡೆಹಿಡಿಯಬಹುದು. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಇನ್‌ಸ್ಪೆಕ್ಟರ್ ಇರುವುದಿಲ್ಲ. ಇರುವವರು ಸಿಸ್ಟರು ಮತ್ತು ಒಬ್ಬ ಹೌಸ್ ಸರ್ಜನ್. ಇಬ್ಬರು ಬಾಣಂತಿಯರಿಗೆ ಒಂದೇ ಬ್ಯಾಚಿನ ನಂತರ ನಡುಕ ಬಂದರೆ ಆ ಬ್ಯಾಚನ್ನು ಬೆಳಗಿನವರೆಗೆ ಪಕ್ಕಕ್ಕಿಡಲು, ಖಾಲಿ ಬಾಟಲಿಯನ್ನು ಎತ್ತಿಡಲು, ಯಾರ ಸಹಿಗೂ ಕಾಯದೆ ಬೇರೆ ಬ್ಯಾಚು ತರಿಸಲು ಅವರಿಗೆ ಲಿಖಿತ ಅಧಿಕಾರ ಇರಬೇಕು. ಆಮೇಲೆ ಪರೀಕ್ಷೆಯಲ್ಲಿ ಬಾಟಲಿ ಸರಿಯಿತ್ತೆಂದು ಬಂದರೂ ಯಾರಿಗೂ ನೋಟಿಸು ಕೊಡಕೂಡದು. ಈ ಸಭೆಯಲ್ಲಿ ಆಸ್ಪತ್ರೆಗಳ ಅಧೀಕ್ಷಕರು ಕೆಲವರಿದ್ದೀರಿ. ಇದಕ್ಕೆ ಸಾಫ್ಟ್‌ವೇರ್ ಟೆಂಡರ್ ಬೇಕಿಲ್ಲ, ನಿಮ್ಮ ಕಚೇರಿಯ ಒಂದು ಪುಟದ ಆದೇಶ ಸಾಕು.