ಮೇಜು ಸಾಲದಾಗಿತ್ತು



ಶಾಲೆಯ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮಾತು ಬಂದಾಗ, ಒಂದು ದಿನ ತಡೆಯಿರಿ ಎಂದು ಕೇಳಿಕೊಂಡೆ. ಒಂದನ್ನು ಚಾಲೂ ಮಾಡಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆಯಿತು. ಇದ್ದ 1 ಜಿಬಿ ರ‍್ಯಾಮ್ ಆಗಲೇ ಬಹುತೇಕ ತುಂಬಿತ್ತು.

ರ‍್ಯಾಮ್ ಎಂದರೆ ಓದುವ ಮೇಜು, ಹಾರ್ಡ್ ಡಿಸ್ಕ್ ಎಂದರೆ ಕಪಾಟು. ಮೇಜು ಚಿಕ್ಕದಾದರೆ ಪ್ರತಿ ಪುಸ್ತಕಕ್ಕೂ ಎದ್ದು ಕಪಾಟಿಗೆ ಹೋಗಬೇಕು. ಯಂತ್ರ ಕೆಟ್ಟಿರಲಿಲ್ಲ, ಮೇಜು ಸಾಲದಾಗಿತ್ತು.

ಡಿಡಿಆರ್2 ಜಾಗದಲ್ಲಿ ಡಿಡಿಆರ್3 ಕೂರುವುದಿಲ್ಲ, ಕಚ್ಚು ಬೇರೆ. ವಿಂಡೋಸ್ 7 32 ಬಿಟ್‌ನದಾದರೆ 4 ಜಿಬಿಗಿಂತ ಹೆಚ್ಚು ಹಾಕಿ ಫಲವಿಲ್ಲ. ಇವನ್ನೆಲ್ಲ ನೋಡಿಕೊಂಡೇ 2 ಜಿಬಿಯದೊಂದು ಪಟ್ಟಿ ತಂದೆ. ವೈರ್ ಕಿತ್ತು, ಮೈಯ ಸ್ಥಿರ ವಿದ್ಯುತ್ ಕಳೆಯಲು ಪೆಟ್ಟಿಗೆಯ ಲೋಹ ಮುಟ್ಟಿಸಿ, ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಕೈಗೆ ಕೊಟ್ಟೆ. ಟಕ್ ಎಂದು ಕೂತಿತು. ಈಗ ಅದರಲ್ಲಿ ಮಕ್ಕಳು ಕನ್ನಡ ಟೈಪಿಂಗ್ ಕಲಿಯುತ್ತಿದ್ದಾರೆ.

ಒಂಬತ್ತನೆಯಲ್ಲಿ ನಪಾಸಾದ ನನ್ನನ್ನೂ ಗುರುಗಳು ದಡ್ಡನೆಂದು ಬಿಡಲಿಲ್ಲ. ಎಲ್ಲಿ ಸಾಲದೆಂದು ನೋಡಿದರು. ಇನ್ನೂ ಒಂಬತ್ತು ಕಂಪ್ಯೂಟರುಗಳು ಕಾಯುತ್ತಿವೆ. ದಯವಿಟ್ಟು ಕೈಜೋಡಿಸಿ.