ಗೋಡೆ ಯಾರದು? ಬಾಗಿಲು ಯಾರಿಗೆ?

(ಬೆಂಗಳೂರಿನ ಕನ್ನಡ ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಚಿತ್ರಕಲೆಯ ಬಗ್ಗೆ ಮಾತಾಡುತ್ತೇನೆ ಅಂದ ಕೂಡಲೇ ನಿಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡಿರಿ. ಕನ್ನಡದ ವೇದಿಕೆಯಲ್ಲಿ ಗಡಿ, ನೀರು, ಉದ್ಯೋಗದ ಮಾತಿರಬೇಕು, ಇಲ್ಲಿ ಚಿತ್ರಕ್ಕೇನು ಕೆಲಸ ಎಂಬುದು ನಿಮ್ಮ ಪ್ರಶ್ನೆ. ಸ್ವಲ್ಪ ತಾಳಿ. ಇದೂ ನೆಲದ ಮಾತೇ.

ನಮ್ಮ ಶಾಂತಿನಗರದಲ್ಲಿ 2003ರಲ್ಲಿ ‘1 ಶಾಂತಿ ರೋಡ್’ ಎಂಬ ಕಲಾತಾಣ ಶುರುವಾಯಿತು. ಅದನ್ನು ಸರ್ಕಾರ ಕಟ್ಟಿಸಲಿಲ್ಲ, ಯಾವ ದೊಡ್ಡ ಕಂಪನಿಯೂ ಕಟ್ಟಿಸಲಿಲ್ಲ. ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟರು. ಬಾದಾಮಿ ಮರವೊಂದನ್ನು ಉಳಿಸಿಕೊಂಡು ವಾಸ್ತುಶಿಲ್ಪಿ ಮೀತಾ ಜೈನ್ ರೂಪಿಸಿದ ಕಟ್ಟಡ ಅದು. ಊರೂರಿನ, ದೇಶದೇಶದ ಕಲಾವಿದರು ಅಲ್ಲಿ ಬಂದು ಉಳಿದರು, ಕೆಲಸ ಮಾಡಿದರು, ಸಂಜೆ ಹೊತ್ತು ಸ್ಲೈಡು ಹಾಕಿ ತಮ್ಮ ಕೆಲಸದ ಬಗ್ಗೆ ಮಾತಾಡಿದರು. 2023ಕ್ಕೆ ಅದಕ್ಕೆ ಇಪ್ಪತ್ತು ವರ್ಷ ತುಂಬಿತು.

ಬೆಂಗಳೂರಿನಲ್ಲಿ ಇಂಥ ಜಾಗವೊಂದು ಇಪ್ಪತ್ತು ವರ್ಷ ಬಾಳುವುದೆಂದರೆ ಹುಡುಗಾಟವೇ?

ಸಾಮಾನ್ಯವಾಗಿ ಕಲಾತಾಣಗಳ ವಾರ್ಷಿಕೋತ್ಸವ ಪ್ರದರ್ಶನ ಅಂದರೆ ಏನಿರುತ್ತದೆ? ಹಳೆಯ ಪೋಸ್ಟರುಗಳು, ಹಳೆಯ ಫೋಟೋಗಳು, ಇಲ್ಲಿಂದ ಹೋಗಿ ಹೆಸರು ಮಾಡಿದವರ ಚಿತ್ರಗಳು. ಇರಲಿ, ಬೇಡ ಅನ್ನುವುದಿಲ್ಲ. ಆದರೆ ನೀವು ಅಲ್ಲಿಗೆ ಹೋದಾಗ ಚಿತ್ರಗಳ ಜೊತೆಗೆ ಚಿತ್ರ ತೂಗುಹಾಕಿದ ಗೋಡೆಯನ್ನೂ ನೋಡಿ. ಈ ಗೋಡೆ ಯಾರದು? ಇದರ ಬಾಡಿಗೆ ಕಟ್ಟಿದವರು ಯಾರು? ಇಷ್ಟು ವರ್ಷ ಇದು ಉಳಿದದ್ದು ಹೇಗೆ? ಪ್ರದರ್ಶನದಲ್ಲಿ ಇಡಬೇಕಾದ ಮೊದಲ ವಸ್ತು ಆ ಮನೆಯ ಲೆಕ್ಕದ ಪುಸ್ತಕ.

ಯಾಕೆ ಅಂತ ಹೇಳುತ್ತೇನೆ. ವ್ಯಾಪಾರದ ಗ್ಯಾಲರಿಗೆ ಮಾರಾಟವಾಗುವ ಚಿತ್ರ ಬೇಕು. ಕಮಿಷನ್ ಬಂದರೆ ತಾನೇ ಅದರ ದೀಪ ಉರಿಯುವುದು? ಸರ್ಕಾರಿ ಗ್ಯಾಲರಿಗೆ ಅರ್ಜಿ ಬೇಕು, ತಾರೀಖು ಬೇಕು. ಹಾಗಾದರೆ ಮಣ್ಣಿನ ರಾಶಿ ಹಾಕಿ ಕೆರೆ ನುಂಗಿದವರ ಕತೆ ಹೇಳುವವನು ಎಲ್ಲಿಗೆ ಹೋಗಬೇಕು? ಗಾರ್ಮೆಂಟ್ ಕಾರ್ಖಾನೆಯ ಚಿಂದಿಯನ್ನೇ ಹೊಲಿದು ಪರದೆ ಮಾಡುವವಳು ಎಲ್ಲಿಗೆ ಹೋಗಬೇಕು? ಅದನ್ನು ಕೊಂಡು ಡ್ರಾಯಿಂಗ್ ರೂಮಿನಲ್ಲಿ ಇಟ್ಟುಕೊಳ್ಳುವವರು ಯಾರೂ ಇಲ್ಲ. ಗದಗದಿಂದಲೋ ರಾಯಚೂರಿನಿಂದಲೋ ಬಸ್ಸು ಹತ್ತಿ ಬಂದ, ಜೇಬಿನಲ್ಲಿ ಕಾಸಿಲ್ಲದ ಹುಡುಗ ಸೋಲುವುದಕ್ಕೂ ಒಂದು ಜಾಗ ಬೇಕು ಸ್ವಾಮಿ! ಸ್ವತಂತ್ರ ಕಲಾತಾಣ ಕೊಡುವುದು ಆ ಜಾಗವನ್ನು.

ನೆಲವಿಲ್ಲದೆ ಸ್ವಾತಂತ್ರ್ಯವಿಲ್ಲ ಎಂಬುದು ಪಕ್ಕದ ಮದ್ರಾಸಿನ ಕಲಾವಿದರಿಗೆ ಎಂದೋ ತಿಳಿದಿತ್ತು. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮುಂದಾಳತ್ವದಲ್ಲಿ ಅವರು ಏನು ಮಾಡಿದರು? ಬಾಟಿಕ್ ಬಟ್ಟೆ, ಕರಕುಶಲ ವಸ್ತುಗಳನ್ನು ತಾವೇ ಮಾಡಿ ಮಾರಿ, ಆ ದುಡ್ಡಿನಲ್ಲಿ ಕಡಲ ದಂಡೆಯಲ್ಲಿ ಜಮೀನು ಕೊಂಡು ಚೋಳಮಂಡಲ ಎಂಬ ಕಲಾಗ್ರಾಮವನ್ನೇ ಕಟ್ಟಿದರು. ಹೊಟ್ಟೆಪಾಡಿಗೆ ಕರಕುಶಲ, ಮನಸ್ಸಿಗೆ ಬಂದ ಚಿತ್ರಕ್ಕೆ ಯಾರ ಹಂಗೂ ಬೇಡ. ನೆಲ ಅವರದ್ದಾಯಿತು, 2016ರಲ್ಲಿ ಐವತ್ತು ತುಂಬಿತು.

ನಮ್ಮಲ್ಲೂ ಆ ಛಲ ಇರಲಿಲ್ಲವೇ? ಇತ್ತು. 1968ರಲ್ಲಿ ಆರ್.ಎಂ. ಹಡಪದ್ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದರು. ಅಲ್ಲಿ ಕಲಿತ ಜೆ.ಎಂ.ಎಸ್. ಮಣಿ ಬಾದಾಮಿಯ ಜನರನ್ನು ಕ್ಯಾನ್ವಾಸಿಗೆ ತಂದರು, ಮುಂದೆ ಅದೇ ಶಾಲೆಯ ಪ್ರಾಂಶುಪಾಲರೂ ಆದರು. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ಸರ್ಕಾರ ಖಾಸಗಿ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಲು ಹೊರಟಾಗ, 2016ರಲ್ಲಿ ಕಲಾವಿದರು ಕುಂಚ ಕೆಳಗಿಟ್ಟು ಬೀದಿಗೆ ಬಂದರು. ಆ ದಿನ ಅವರ ಜೊತೆ ನಿಂತ ನಮ್ಮವರು ಎಷ್ಟು ಮಂದಿ? ಎದೆ ಮುಟ್ಟಿಕೊಂಡು ಹೇಳಿ.

ಈಗ ಬಾಗಿಲಿನ ಮಾತಿಗೆ ಬರುತ್ತೇನೆ. ಇದು ಕಲಾತಾಣ ನಡೆಸುವವರಿಗೆ.

ನಿಮ್ಮ ಬಾಗಿಲಿಗೆ ಟಿಕೆಟ್ ಇಲ್ಲ, ಕಾವಲುಗಾರನಿಲ್ಲ, ಒಪ್ಪಿದೆ. ಆದರೆ ನಗರದ ಎಷ್ಟೋ ಪ್ರದರ್ಶನಗಳಲ್ಲಿ ಚಿತ್ರದ ಪಕ್ಕ ಅಂಟಿಸಿದ ಚೀಟಿ ಇಂಗ್ಲಿಷಿನಲ್ಲಿ, ಆಹ್ವಾನ ಇಂಗ್ಲಿಷಿನಲ್ಲಿ, ಚರ್ಚೆಯೂ ಇಂಗ್ಲಿಷಿನಲ್ಲಿ. ಇದಕ್ಕಿಂತ ದೊಡ್ಡ ಕಾವಲುಗಾರ ಬೇಕೇ? 2024ರ ತಿದ್ದುಪಡಿ ಕಾನೂನು ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದಿತು. ಬೋರ್ಡಿನ ಮೇಲೆ ಬಂದ ಕನ್ನಡ ಹೊಸ್ತಿಲು ದಾಟಿ ಒಳಗೆ ಬರುವುದಕ್ಕೂ ಒಂದು ಕಾನೂನು ಬೇಕಾ?

ಸಮಕಾಲೀನ ಕಲೆಯನ್ನು ಕನ್ನಡದಲ್ಲಿ ವಿವರಿಸಲಾಗದು ಎಂದು ಕೆಲವರು ರಾಗ ಎಳೆಯುತ್ತಾರೆ. ಇದು ಶುದ್ಧ ಸೋಮಾರಿತನ. ತೇರು ಕಟ್ಟುವವರಿಗೆ, ತೊಗಲುಗೊಂಬೆ ಕುಣಿಸುವವರಿಗೆ, ಮಲೆನಾಡಿನ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಹೆಣ್ಣುಮಕ್ಕಳಿಗೆ ಜಾಗ, ಬೆಳಕು, ನೆರಳು, ಗೆರೆಯ ವಿಚಾರ ಗೊತ್ತಿಲ್ಲವೇ? ಅವರಾಡುವ ಭಾಷೆಯಲ್ಲಿ ಪದಗಳಿಲ್ಲವೇ? ಜನವರಿಯ ಚಿತ್ರಸಂತೆಗೆ ಕುಮಾರಕೃಪಾ ರಸ್ತೆ ತುಂಬಿ ತುಳುಕುವುದನ್ನು ನೋಡಿದ್ದೀರಿ. ಅಪ್ಪ, ಅಮ್ಮ, ಹೆಗಲ ಮೇಲಿನ ಮಗು, ಎಲ್ಲರೂ ಬರುತ್ತಾರೆ. ಜನಕ್ಕೆ ಚಿತ್ರ ಬೇಕು. ಕರೆಯುವ ದನಿ ಮಾತ್ರ ಅವರಿಗೆ ತಿಳಿಯುವ ಹಾಗಿರಬೇಕು.

ಇನ್ನು ನಿಮಗೆ, ನನ್ನ ಯುವ ಗೆಳೆಯರಿಗೆ. ಬರೀ ಬೈದು ಮನೆಗೆ ಹೋಗುವುದು ಸುಲಭ. ಕನ್ನಡಿಗ ಒಳಗೇ ಹೋಗದಿದ್ದರೆ ಒಳಗೆ ಕನ್ನಡ ಇರಬೇಕೆಂದು ಕೇಳುವವರು ಯಾರು? ಮುಂದಿನ ವಾರ್ಷಿಕೋತ್ಸವ ಪ್ರದರ್ಶನಕ್ಕೆ ಗುಂಪಾಗಿ ಹೋಗಿ. ಗಲಾಟೆಗಲ್ಲ, ನೋಡುವುದಕ್ಕೆ. ‘ಇದೇನು, ಯಾಕೆ ಹೀಗೆ ಮಾಡಿದಿರಿ’ ಎಂದು ಕಲಾವಿದರನ್ನು ಕನ್ನಡದಲ್ಲಿ ಕೇಳಿ. ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಸಂದರ್ಶಕರ ಪುಸ್ತಕದಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ. ನಿಮ್ಮಲ್ಲಿ ಬರೆಯಬಲ್ಲವರು ‘ಮುಂದಿನ ಪ್ರದರ್ಶನದ ಚೀಟಿಗಳನ್ನು ನಾವು ಕನ್ನಡದಲ್ಲಿ ಬರೆದುಕೊಡುತ್ತೇವೆ, ಕಾಸು ಬೇಡ’ ಎಂದು ಹೇಳಿ ಬನ್ನಿ. ಬೇಡ ಅನ್ನುವವರು ಯಾರು ನೋಡೋಣ!

ಬಾಡಿಗೆ ಏರಿದಾಗ, ಅಪಾರ್ಟ್‌ಮೆಂಟ್ ಕಟ್ಟುವವರ ಕಣ್ಣು ಬಿದ್ದಾಗ, ಈ ಪುಟ್ಟ ಜಾಗಗಳು ಸದ್ದಿಲ್ಲದೆ ಮುಚ್ಚಿಹೋಗುತ್ತವೆ. ಆಗ ಬಾಗಿಲ ಮುಂದೆ ನಿಂತು ಕೇಳುವ ಜನ ಬೇಕು. ಹತ್ತು ಸಲ ಒಳಗೆ ಹೋಗಿ ಬಂದವರು ಮಾತ್ರ ಹಾಗೆ ನಿಲ್ಲುತ್ತಾರೆ. ಆ ಹತ್ತು ಸಲ ಈ ಭಾನುವಾರದಿಂದಲೇ ಶುರುವಾಗಲಿ.